ಅರ್ಧ ತಂಬಿಗೆ ನೀರಿನ ಅಂಬಿಗ

ಪವಾಯಿ ಕೆರೆಯ ಕೆಲಸ ಬಂಡೆಪ್ಪನಿಗೆ ಸಿಕ್ಕಿದ್ದು ಒಂದು ಹಸೀ ಸುಳ್ಳಿನಿಂದ. ಸುಳ್ಳು ಹೇಳುವ ಮನುಷ್ಯ ಅವನಲ್ಲ, ಪಾಪ. ಹೇಳಿದರೆ ಕಿವಿ ಕೆಂಪಾಗಿ ತಾನೇ ಸಿಕ್ಕಿಬೀಳುವವನು. ಆದರೆ ಆವತ್ತು ಕಿವಿಯ ಮೇಲೆಲ್ಲ ಸಿಮೆಂಟಿನ ಧೂಳು ಕೂತಿತ್ತು, ಕಿವಿ ಯಾವ ಬಣ್ಣಕ್ಕೆ ತಿರುಗಿತೋ ಯಾರಿಗೂ ಕಾಣಲಿಲ್ಲ.

ಅದು 1968ರ ಜೂನ್ ತಿಂಗಳು. ಮೃಗಶಿರಾ ಮಳೆ ಇನ್ನೂ ಹಿಡಿದಿರಲಿಲ್ಲ. ಸಿಂದಗಿ ಕಡೆಯ ಬಂಡೆಪ್ಪ ಮತ್ತು ಅವನ ಹೆಂಡತಿ ಸೋಮವ್ವ ಮುಂಬಯಿಗೆ ಬಂದು ಎರಡು ವರ್ಷ ಕಳೆದಿತ್ತು. ಕೆರೆಯ ಆಚೆ ದಂಡೆಗೆ ಏಳುತ್ತಿದ್ದ ಕಟ್ಟಡವೊಂದರಲ್ಲಿ ಅವನು ಕಾಂಕ್ರೀಟು ಕಲಸುತ್ತಿದ್ದ, ಅವಳು ಬುಟ್ಟಿ ಹೊರುತ್ತಿದ್ದಳು. ಈಗ ಅಲ್ಲಿ ಕೆಲಸ ಮುಗಿಯುತ್ತ ಬಂದಿತ್ತು. ಮುಕಾದಮ ಇಡೀ ತಂಡವನ್ನು ಚೆಂಬೂರಿಗೆ ಸಾಗಿಸುವವನಿದ್ದ. ಅಲ್ಲಿಯದು ಆರು ಮಾಳಿಗೆಯ ಬಿಲ್ಡಿಂಗ್ ಅಂತೆ.

ಆರು ಮಾಳಿಗೆ ಎಂಬ ಮಾತು ಕೇಳಿದಾಗಿನಿಂದ ಬಂಡೆಪ್ಪನಿಗೆ ಊಟ ಸೇರುತ್ತಿರಲಿಲ್ಲ. ಸೋಮವ್ವ ಮೂರು ತಿಂಗಳ ಬಸುರಿ. ಹಿಂದಿನ ವರ್ಷ ಘಾಟಕೋಪರದ ಕಡೆ ಕೆಲಸಕ್ಕಿದ್ದಾಗ, ತಲೆಯ ಮೇಲೆ ಜಲ್ಲಿಯ ಬುಟ್ಟಿ ಹೊತ್ತು ಹಲಗೆಯ ಇಳಿಜಾರು ಹತ್ತಿ ಇಳಿದು, ಏಳನೇ ತಿಂಗಳಲ್ಲಿ ಅವಳ ಮೊದಲ ಕೂಸು ಹೋಗಿತ್ತು. ಹದಿನೈದನೆಯ ದಿನಕ್ಕೆ ಅವಳು ಎದ್ದು, ಬುಟ್ಟಿಯ ಕೆಳಗೆ ತಲೆಗಿಡುವ ಬಟ್ಟೆಯ ಸಿಂಬಿಯನ್ನು ಕೊಡವಿಕೊಂಡು, ಮತ್ತೆ ಕೆಲಸಕ್ಕೆ ನಡೆದಿದ್ದಳು. ಬಂಡೆಪ್ಪ ಬಾಗಿಲಲ್ಲಿ ನಿಂತು ನೋಡಿದ್ದನೇ ಹೊರತು ಒಂದು ಮಾತೂ ಆಡಿರಲಿಲ್ಲ. ಆಡಬೇಕಾದ ಮಾತು ಯಾವುದೆಂದೇ ಅವನಿಗೆ ತಿಳಿದಿರಲಿಲ್ಲ.

ಇಂಥ ಚಿಂತೆಯಲ್ಲೇ ಅವನು ಒಂದು ಮಧ್ಯಾಹ್ನ ಕೆರೆಯ ದಂಡೆಗೆ ಬಂದು, ತಂಬಿಗೆಯಲ್ಲಿ ನೀರು ತುಂಬಿಕೊಂಡು ಕೂತ. ಮುಖ, ಕೈಕಾಲು ತೊಳೆದುಕೊಂಡ. ತಂಬಿಗೆಯಲ್ಲಿ ಉಳಿದ ನೀರನ್ನು ಅಲ್ಲೇ ಇದ್ದ ಬೇವಿನ ಸಸಿಯೊಂದರ ಬುಡಕ್ಕೆ ಸುರಿದು ಎದ್ದ. ಅಷ್ಟರಲ್ಲಿ ಹಿಂದಿನಿಂದ ಊರ ಕಡೆಯ ಮಾತು ಕೇಳಿಸಿತು.

"ಯಾವೂರಪಾ ತಮ್ಮಾ?"

ಬಿಳಿ ಗಡ್ಡದ, ಲುಂಗಿ ಮೇಲೆ ಕಟ್ಟಿದ ಮುದುಕನೊಬ್ಬ ದೋಣಿಯ ಅಂಚಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ಅವನೇ ಅಮೀರಸಾಬ. ಬಾಗೇವಾಡಿ ಕಡೆಯವನು. ಆ ದಂಡೆಯಲ್ಲಿ ಗಾಳ ಹಾಕುವ ಹವ್ಯಾಸಿಗಳದೊಂದು ಕ್ಲಬ್ಬಿತ್ತು. ಇಪ್ಪತ್ತು ವರ್ಷದಿಂದ ಅವನು ಅದರ ದೋಣಿಯವನು.

"ಸಿಂದಗಿ ಕಡೆದಾಂವ್ರಿ. ಬಂಡೆಪ್ಪ. ಬಂಡೆಪ್ಪ ಅಂಬಿಗೇರ."

"ಅಂಬಿಗೇರ! ಹಂಗಾರ ನೀರಿನ ಮಂದಿ ಅನ್ನು. ದೋಣಿ ನಡಸಾಕ, ಮೀನಾ ಹಿಡಿಯಾಕ ಬರತೈತೇನು? ನಮ್ಮ ಕ್ಲಬ್ಬಿಗೆ ಒಬ್ಬ ಮನಷ್ಯಾ ಬೇಕಾಗ್ಯಾನ. ಇರಾಕ ಖೋಲಿನೂ ಐತಿ."

ಖೋಲಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬಂಡೆಪ್ಪನ ನಾಲಿಗೆ ಅವನ ಅಪ್ಪಣೆ ಕೇಳದೆ ಹೊರಳಿತು. "ಸಣ್ಣಾಂವ ಇದ್ದಾಗಿಂದ ಬರತೈತ್ರಿ."

ನಿಜ ಹೇಳಬೇಕೆಂದರೆ ಅವನಿಗೆ ಈಜಲೂ ಬರುತ್ತಿರಲಿಲ್ಲ. ಅವನ ಮುತ್ತಜ್ಜ ಭೀಮಾ ಹೊಳೆಯಲ್ಲಿ ದೋಣಿ ಹಾಕುತ್ತಿದ್ದದ್ದು ಹೌದು. ಆದರೆ ಆ ಮುತ್ತಜ್ಜ ಮಾವನ ಮನೆಗೆ ಅಳಿಯನಾಗಿ ಬಂದು ನಿಂತದ್ದು ಹೊಳೆಯಿಂದ ಮೂರು ಹರದಾರಿ ದೂರದ ಎರೆನೆಲದ ಊರಿನಲ್ಲಿ. ಅಲ್ಲಿಂದ ಮುಂದೆ ಆ ಮನೆತನಕ್ಕೆ ನೀರಿನದೆಂದು ಉಳಿದದ್ದು ಅಡ್ಡಹೆಸರೊಂದೇ. ಊರ ಹಳ್ಳದಲ್ಲಿ ವರ್ಷಕ್ಕೆ ಹದಿನೈದು ದಿನ ನೀರು; ಮಿಕ್ಕ ದಿನ ಅರವತ್ತು ಮೆಟ್ಟಿಲಿನ ಬಾವಿಯೇ ಗತಿ. ಮೊಣಕಾಲ ಮೇಲೆ ಬರುವ ನೀರಿಗೆ ಬಂಡೆಪ್ಪ ಎಂದೂ ಇಳಿದವನಲ್ಲ.

ಕೆಲಸ ಕೊಡುವ ಮಾತು ಚೆನ್ನಯನದು. ಫೋರ್ಟಿನಲ್ಲಿ ಅವನದೊಂದು ಉಡುಪಿ ಹೋಟೆಲು. ಕ್ಲಬ್ಬಿಗೆ ಅವನೇ ಕಾರ್ಯದರ್ಶಿ. ವಾರವಿಡೀ ಬ್ಯಾಂಕಿನವರಿಗೂ ವಕೀಲರಿಗೂ ಇಡ್ಲಿ ಸಾಂಬಾರು ಬಡಿಸಿ, ಭಾನುವಾರ ಕ್ಯಾನ್ವಾಸಿನ ಟೊಪ್ಪಿಗೆ ಹಾಕಿಕೊಂಡು ಪವಾಯಿಗೆ ಬಂದರೆ ಆ ಮನುಷ್ಯನಿಗೆ ಬೇರೆ ದೇವರು ಬೇಡ. ಆ ಭಾನುವಾರ ಅವನು ಬಂಡೆಪ್ಪನನ್ನು ಮೇಲಿಂದ ಕೆಳಗೆ ನೋಡಿ, ಅಮೀರಸಾಬನನ್ನು ಪಕ್ಕಕ್ಕೆ ಕರೆದು ಏನೋ ಮಾತಾಡಿ, ತಿರುಗಿ ಬಂದು ಹೇಳಿದ.

"ನೋಡು ಮಾರಾಯ, ದೀಪಾವಳಿವರೆಗೆ ಟೈಮ್ ಉಂಟು. ಅಷ್ಟರೊಳಗೆ ನೀನು ತೋರಿಸಿದ ಜಾಗದಲ್ಲಿ ನಮಗೊಂದು ಒಳ್ಳೆ ಕಾಟ್ಲಾ ಸಿಕ್ಕಬೇಕು. ಸಿಕ್ಕಿದರೆ ಕಾಯಂ. ಇಲ್ಲದಿದ್ದರೆ ಬೇರೆ ಜನ ನೋಡ್ತೇವೆ."

ಕಾಟ್ಲಾ ಎಂದರೆ ಆ ಕೆರೆಯ ದೊಡ್ಡ ತಲೆಯ ಮೀನು. ಬಂಡೆಪ್ಪ ಅದರ ಹೆಸರನ್ನು ಕೇಳಿದ್ದೇ ಆವತ್ತು.

ಕ್ಲಬ್ಬಿನ ಹಿಂದಿದ್ದ ತಗಡಿನ ಖೋಲಿಗೆ ಗಂಡ ಹೆಂಡತಿ ಬಂದಿಳಿದರು. ಸೋಮವ್ವ ಮೊದಲು ಮಾಡಿದ ಕೆಲಸವೆಂದರೆ ಬಾಗಿಲ ಪಕ್ಕಕ್ಕೆ ಒಂದು ಮೊಳೆ ಹೊಡೆದು ತನ್ನ ಸಿಂಬಿಯನ್ನು ಅದಕ್ಕೆ ತೂಗುಹಾಕಿದ್ದು. ನೀರಿನ ಕೊಡವನ್ನು ಬರೀ ನೆಲದ ಮೇಲಿಟ್ಟು, ಉರುಳದಂತೆ ಒಂದು ಕಲ್ಲು ಒತ್ತುಕೊಟ್ಟಳು.

"ಸಿಂಬಿ ಕೊಡದ ಕೆಳಗ ಇಡಬಾರದೇನ?" ಎಂದ ಬಂಡೆಪ್ಪ.

"ಇರ್ಲಿ ಬಿಡ್ರಿ. ಕೈಗೆ ಸಿಗೂವಂಗ ಇರ್ಲಿ," ಎಂದಳು ಅವಳು.

ಗಂಡನಿಗೆ ನೀರು ಎಷ್ಟು ಗೊತ್ತು ಎನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ತಿಳಿದಿತ್ತು?

ಮೊದಲ ದಿನ ಬಂಡೆಪ್ಪ ಹುಟ್ಟು ಹಾಕಿದಾಗ ದೋಣಿ ನಿಂತಲ್ಲೇ ಗರಗರ ಸುತ್ತಿತು. ಅಮೀರಸಾಬ ದಂಡೆಯ ಮೇಲೆ ಚಹಾ ಕುಡಿಯುತ್ತ ಕೂಗಿದ. "ಏ ಅಂಬಿಗೇರ! ದೋಣಿ ಗಾಣಕ್ಕ ಹೂಡೀಯೇನ?" ಇನ್ನೇನು ಮುದುಕ ಎಲ್ಲರೆದುರು ಬಣ್ಣ ಬಯಲು ಮಾಡುತ್ತಾನೆ ಅಂದುಕೊಂಡ ಬಂಡೆಪ್ಪ. ಮುದುಕ ಹಾಗೇನೂ ಮಾಡಲಿಲ್ಲ. ಚಹಾ ಮುಗಿಸಿ ಬಂದು ದೋಣಿಯಲ್ಲಿ ಹಿಂದೆ ಕೂತ. "ನೀರ ಜೋಡಿ ಜಗಳಾಡಬ್ಯಾಡ. ಸಾವಕಾಶ ಹಿಡಿ, ಎಳಿ, ಬಿಡು," ಎಂದು ತನ್ನ ಕೈಯನ್ನು ಅವನ ಕೈಮೇಲಿಟ್ಟು ತೋರಿಸಿದ. ಮೂರು ವಾರಕ್ಕೆ ಅಂಗೈಯ ಬೊಬ್ಬೆಗಳು ಒಡೆದು ಗಟ್ಟಿಯಾದವು, ದೋಣಿ ನೆಟ್ಟಗೆ ಹೋಗತೊಡಗಿತು.

ಏನೂ ತಿಳಿಯದ ತನ್ನನ್ನು ಈ ಕಾಕಾ ಯಾಕೆ ಏನೂ ಕೇಳುವುದಿಲ್ಲ ಎಂಬುದು ಬಂಡೆಪ್ಪನಿಗೆ ಒಗಟಾಗಿತ್ತು. ನಿಜ ಹೇಳಿಬಿಡಬೇಕೆಂದು ದಿನಾ ಬೆಳಿಗ್ಗೆ ನಿಶ್ಚಯಿಸುತ್ತಿದ್ದ. ಖೋಲಿಯ ಬಾಗಿಲು ದಾಟುವಾಗ ಮೊಳೆಯ ಮೇಲಿನ ಸಿಂಬಿ ಕಾಣುತ್ತಿತ್ತು. ಬಾಯಿ ಮುಚ್ಚಿಕೊಳ್ಳುತ್ತಿದ್ದ.

ಮಳೆ ಹಿಡಿಯಿತು, ಕೆರೆ ತುಂಬಿತು. ಗಾಳ ಹಾಕುವ ಮೊದಲು ಮೀನಿಗೆ ನೀರಿನಲ್ಲಿ ಮೇವು ಹಾಕಿ ಒಂದು ಜಾಗಕ್ಕೆ ರೂಢಿ ಮಾಡಿಸಬೇಕು. ಅಮೀರಸಾಬ ಹಿಂಡಿ, ತವುಡು, ಹುರಿಗಡಲೆ ಹಿಟ್ಟು ಕಲಸಿದ ಬುಟ್ಟಿಯನ್ನು ಕೊಟ್ಟು, "ಹೋಗಿ ಹಾಕಿ ಬಾ," ಎಂದ. ಬಂಡೆಪ್ಪ ದೋಣಿಯಲ್ಲಿ ಎದ್ದು ನಿಂತು, ಮುಷ್ಟಿ ಮುಷ್ಟಿಯಾಗಿ ತೆಗೆದು, ಎಲ್ಲೂ ಹೆಚ್ಚಿಲ್ಲ ಎಲ್ಲೂ ಕಡಿಮೆಯಿಲ್ಲ ಎನ್ನುವಂತೆ ಕೆರೆಯ ಕಾಲುಭಾಗಕ್ಕೆ ಒಂದೇ ಸಮನೆ ಎರಚಿ ಬಂದ. ಎಷ್ಟು ಹಸನಾಗಿ ಎರಚಿದ್ದೇನೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆ. ಅಮೀರಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ.

"ಬಿತ್ತಿಗಿ ಮಾಡಿ ಬಂದೆಲ್ಲೋ ಬಂಡ್ಯಾ! ಇನ್ನ ಎಡಿ ಹೊಡದು, ಕಳೇ ತಗದು, ಸುಗ್ಗಿ ಮಾಡೂದೊಂದ ಉಳೀತು ನೋಡು. ಹಂಗಲ್ಲಪಾ. ಒಂದ ಕಡೆ ಹಾಕು. ದಿನಾ ಅದ ಹೊತ್ತಿಗೆ, ಅದ ಕಡೆ."

ಎರಡನೆಯ ತಪ್ಪು ಇದಕ್ಕಿಂತ ದುಬಾರಿಯದು. ಆಗಸ್ಟಿನಲ್ಲಿ ಒಂದು ದಿನ ಬಂಡೆಪ್ಪನ ಗಾಳಕ್ಕೆ ಮೊದಲ ಬಾರಿ ಒಂದು ರೋಹು ಬಿತ್ತು. ಮೀನು ಜಗ್ಗಿ ಓಡಿತು. ಅವನು ರೀಲನ್ನು ಬಿಟ್ಟು, ಬೆದರಿದ ಎತ್ತಿನ ಹಗ್ಗ ಹಿಡಿದಂತೆ ದಾರವನ್ನೇ ಮುಷ್ಟಿಯಲ್ಲಿ ಹಿಡಿದು ಕಾಲು ಊರಿ ನಿಂತ. ದಾರ ಫಟ್ಟನೆ ಹರಿಯಿತು. ಮೀನೂ ಹೋಯಿತು, ಗಾಳವೂ ಹೋಯಿತು, ಎರಡು ಬೆರಳಿನಿಂದ ರಕ್ತ ಇಳಿಯಿತು.

ಅಮೀರಸಾಬ ತನ್ನ ರುಮಾಲಿನ ಅಂಚು ಹರಿದು ಬೆರಳಿಗೆ ಸುತ್ತಿದ. "ಅದು ಓಡತೇನಂದ್ರ ಓಡಲಿ ಬಿಡು. ದಾರಾ ಕೊಡು. ದಣದ ಮ್ಯಾಲ ತಾನ ನಿನ್ನ ಕಡೆ ತಿರಗತದ. ಆಗ ಸುತ್ತು."

ಕೇಳಲು ಸುಲಭ. ಆದರೆ ಸಿಕ್ಕಿದ್ದನ್ನು ಬಿಟ್ಟುಕೊಟ್ಟು ಹಿಡಿಯುವ ಪಾಠ ಬಂಡೆಪ್ಪನ ಕೈಗೆ ಹತ್ತಲಿಲ್ಲ. ಸೆಪ್ಟೆಂಬರಿನ ಹೊತ್ತಿಗೆ ನೀರಿನ ಗುಳ್ಳೆ ನೋಡಿ ತಳದಲ್ಲಿ ಯಾವ ಮೀನು ಮೇಯುತ್ತಿದೆ ಎಂದು ಹೇಳಬಲ್ಲವನಾದ, ಎರಡು ತಾಸು ಅಲುಗಾಡದೆ ಕೂರಬಲ್ಲವನಾದ. ಮೀನು ಜಗ್ಗಿದೊಡನೆ ಮಾತ್ರ ಕೈ ತನ್ನಷ್ಟಕ್ಕೆ ಮುಷ್ಟಿಯಾಗುತ್ತಿತ್ತು. ಇನ್ನೂ ಎರಡು ದಾರ ಹರಿದವು.

ಈ ನಡುವೆ ಗಾಳಕ್ಕೆ ಸಿಗಿಸುವ ಹಿಟ್ಟು ಕ್ಲಬ್ಬಿನಲ್ಲಿ ತೀರಿ, ಬಂಡೆಪ್ಪ ಮನೆಯ ಜೋಳದ ಹಿಟ್ಟನ್ನು ಕೆರೆಯ ನೀರಲ್ಲೇ ಕಲಸಿ ಉಂಡೆ ಮಾಡಿದ. ನೀರಿಗೆ ಬಿಟ್ಟದ್ದೇ ಉಂಡೆ ಪುಡಿಯಾಗಿ ತೇಲಿತು. ಮತ್ತೆ ಮಾಡಿದ, ಮತ್ತೆ ಪುಡಿ. ದಂಡೆಯಲ್ಲಿ ಪಾತ್ರೆ ತಿಕ್ಕುತ್ತಿದ್ದ ಸೋಮವ್ವ ನೋಡುವಷ್ಟು ನೋಡಿ ಸೆರಗು ಬಾಯಿಗಿಟ್ಟು ನಕ್ಕುಬಿಟ್ಟಳು. ಅವಳು ನಕ್ಕು ಒಂದು ವರ್ಷವಾಗಿತ್ತು.

"ತಣ್ಣೀರಾಗ ನಾದಿದ್ರ ಜ್ವಾಳದ ಹಿಟ್ಟ ನಿಂದರತೈತೇನ್ರಿ? ದಿನಾ ರೊಟ್ಟಿ ತಿಂತೀರಿ, ಇಷ್ಟೂ ಗೊತ್ತಿಲ್ಲೇನು? ಎಸರ ಹಾಕಬೇಕು."

ಅವಳು ನೀರು ಕುದಿಸಿ, ಹಿಟ್ಟಿನ ನಡುವೆ ಎಸರು ಸುರಿದು, ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿದಳು. ಆ ಹಿಟ್ಟಿನ ಉಂಡೆ ಗಾಳದ ಮೇಲೆ ಒಂದು ತಾಸು ನೀರಿನಲ್ಲಿದ್ದರೂ ಕದಲಲಿಲ್ಲ. ಅಮೀರಸಾಬ ಅದನ್ನು ಮೂಸಿ ನೋಡಿ ತಲೆದೂಗಿದ. ಅಂದಿನಿಂದ ಬೆಳಗಿನ ರೊಟ್ಟಿಯ ಜೊತೆಗೆ ಮೀನಿನ ಪಾಲನ್ನೂ ನಾದುವುದು ಸೋಮವ್ವನ ಕೆಲಸವಾಯಿತು.

ಅಕ್ಟೋಬರ್ ಬಂತು. ದೀಪಾವಳಿಗೆ ಮೊದಲಿನ ಭಾನುವಾರ ತಾನು ಬರುವುದಾಗಿ ಚೆನ್ನಯ ಹೇಳಿಕಳಿಸಿದ. ಸೋಮವ್ವನಿಗೆ ಆಗ ಏಳು ತುಂಬುತ್ತಿತ್ತು. ಅದರ ಹಿಂದಿನ ದಿನ, ಶನಿವಾರ, ಮುಕಾದಮನ ಮನುಷ್ಯ ಬಾಗಿಲಿಗೆ ಬಂದ. ಚೆಂಬೂರಿನಲ್ಲಿ ಬುಟ್ಟಿ ಹೊರಲು ಹೆಣ್ಣಾಳು ಸಾಲದು, ಬರುತ್ತೀಯಾ ಎಂದ. ಬಂಡೆಪ್ಪ ಬಾಯಿ ತೆರೆಯುವುದರೊಳಗೆ ಸೋಮವ್ವ, "ಸ್ವಾಮಾರ ಹೇಳತೀನ್ರಿ," ಎಂದುಬಿಟ್ಟಳು. ಆವತ್ತು ಸಂಜೆ ಅವಳು ಸಿಂಬಿಯನ್ನು ಒಗೆದು, ಒಣಗಿಸಿ, ಮತ್ತೆ ಅದೇ ಮೊಳೆಗೆ ಹಾಕಿದಳು. ಬಂಡೆಪ್ಪನಿಗೆ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಚೆನ್ನಯ ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಇಡ್ಲಿ ಹಿಡಿದುಕೊಂಡು ಬಂದ. ಅಮೀರಸಾಬ ದೋಣಿ ಹತ್ತಲಿಲ್ಲ. "ನೀನ ಕರಕೊಂಡ ಹೋಗು," ಎಂದು ದಂಡೆಯಲ್ಲೇ ಉಳಿದ. ಕಮಲದ ಬಳ್ಳಿಗಳ ಅಂಚಿಗೆ ನೀರಿನಲ್ಲಿ ಬಿದಿರಿನ ಅಟ್ಟವೊಂದಿತ್ತು. ಬಂಡೆಪ್ಪ ಎಂಟು ದಿನದಿಂದ ಅದರ ಮುಂದೆ ಒಂದೇ ಜಾಗಕ್ಕೆ ಮೇವು ಹಾಕಿದ್ದ. ಇಬ್ಬರೂ ಅಲ್ಲಿ ಕೂತರು. ಎಂಟಾಯಿತು, ಒಂಬತ್ತಾಯಿತು. ದಾರಕ್ಕೆ ಕಟ್ಟಿದ ಬೆಂಡು ಮಿಸುಕಲಿಲ್ಲ.

"ಎಂತ ಮಾರಾಯ, ನಿನ್ನ ಮೀನುಗಳಿಗೆ ಸಂಡೇ ರಜೆಯಾ?" ಎಂದ ಚೆನ್ನಯ.

ಬೇರೆ ಕಡೆ ಹೋಗೋಣವೇ ಎಂದು ಬಂಡೆಪ್ಪನಿಗೆ ಹತ್ತು ಸಲ ಅನಿಸಿತು. ಕಾಕಾ ಹೇಳಿದ್ದು ನೆನಪಾಗಿ ಹಲ್ಲು ಕಚ್ಚಿ ಕೂತ. ಹನ್ನೊಂದರ ಹೊತ್ತಿಗೆ ಚೆನ್ನಯನಿಗೆ ಹಸಿವಾಯಿತು. "ಸ್ವಲ್ಪ ಹಿಡಿದುಕೋ, ನಾನು ಎರಡು ಇಡ್ಲಿ ತಿಂದುಬಿಡ್ತೇನೆ," ಎಂದು ಗಾಳದ ಕೋಲನ್ನು ಬಂಡೆಪ್ಪನ ಕೈಗಿಟ್ಟ.

ಆಗ ಗುಳ್ಳೆಗಳು ಎದ್ದವು. ಮೊದಲು ನಾಲ್ಕು, ಆಮೇಲೆ ಒಂದು ಹಿಡಿ. ಬೆಂಡು ನಡುಗಿತು, ಅಡ್ಡಬಿತ್ತು, ಸೊಂಯ್ಯನೆ ಒಳಗೆ ಹೋಯಿತು. ಗಾಳ ನಾಟುವಂತೆ ಬಂಡೆಪ್ಪ ಕೋಲನ್ನು ಝಟ್ಟನೆ ಮೇಲಕ್ಕೆತ್ತಿದ. ರೀಲು ಕಿರುಚತೊಡಗಿತು.

"ಸೇಟ! ಹಿಡೀರಿ, ಹಿಡೀರಿ!"

"ನನ್ನ ಕೈಯೆಲ್ಲ ಚಟ್ನಿ! ನೀನೇ ಹಿಡಿ!"

ಕೈ ದಾರದ ಕಡೆಗೆ ಹೊರಟೇಬಿಟ್ಟಿತ್ತು. ಮುಷ್ಟಿ ಮುಚ್ಚುವುದೊಂದು ಬಾಕಿ. ಒಗೆದು ಒಣಗಿಸಿದ ಸಿಂಬಿ ಕಣ್ಣೆದುರು ಬಂತು. ಈಗ ಹಿಡಿದರೆ ನಾಳೆ ಅದು ಅವಳ ತಲೆಯ ಮೇಲೆ. ಬಂಡೆಪ್ಪ ಬೆರಳು ಬಿಚ್ಚಿದ. ಹೋಗು, ಎಂದ. ಜೋರಾಗಿಯೇ ಎಂದ. ಮೀನು ಕೆರೆಯ ನಡುವಿನವರೆಗೆ ಓಡಿತು. ಅವನು ದಾರ ಕೊಡುತ್ತಲೇ ಹೋದ. ನಿಂತಿತು, ಸುತ್ತಿದ. ಮತ್ತೆ ಓಡಿತು, ಮತ್ತೆ ಕೊಟ್ಟ. ಮುಕ್ಕಾಲು ತಾಸು ಹೀಗೇ ನಡೆಯಿತು. ಕೊನೆಗೆ ಬೆಳ್ಳಗಿನ ಪಕ್ಕೆ ಮೇಲಾಗಿ ಅಟ್ಟದ ಬುಡಕ್ಕೆ ಬಂದದ್ದನ್ನು ಚೆನ್ನಯ ಚಟ್ನಿ ಕೈಯಲ್ಲೇ ಮೊಣಕಾಲೂರಿ ಕೈಬಲೆಯಲ್ಲಿ ಎತ್ತಿದ. ಒಂಬತ್ತೂವರೆ ಕಿಲೊ ಕಾಟ್ಲಾ.

ಚೆನ್ನಯ ಕುಣಿಯುವುದೊಂದು ಬಾಕಿ. ಇಂಥ ಹೊತ್ತಿನಲ್ಲಿ ಜಾಣನಾದವನು ಸುಮ್ಮನಿರುತ್ತಾನೆ. ಬಂಡೆಪ್ಪ ಅಷ್ಟು ಜಾಣನಲ್ಲ ಎಂಬುದೇ ನನಗೆ ಅವನ ಮೇಲಿರುವ ಪ್ರೀತಿಗೆ ಕಾರಣ.

"ಸೇಟ, ಒಂದ ಮಾತ ಹೇಳಬೇಕ್ರಿ. ನಾ ಸುಳ್ಳ ಹೇಳಿ ಕೆಲಸಕ್ಕ ಸೇರೀನ್ರಿ. ಬಂದಾಗ ನನಗ ದೋಣಿನೂ ಬರತಿದ್ದಿಲ್ಲ, ಗಾಳಾನೂ ಬರತಿದ್ದಿಲ್ಲ."

"ಅದು ಗೊತ್ತುಂಟಲ್ಲ ಮಾರಾಯ!" ಎಂದು ಚೆನ್ನಯ ಕೈ ತೊಳೆಯುತ್ತ ನಕ್ಕ. "ಅಮೀರಸಾಬ ಮೊದಲ ದಿನವೇ ಹೇಳಿದ್ದ. ಈ ಹುಡುಗನಿಗೆ ಏನೂ ಬರುವುದಿಲ್ಲ, ಪೂರಾ ಸುಳ್ಳು ಹೇಳ್ತಿದ್ದಾನೆ, ಆದರೂ ಇವನನ್ನೇ ಇಟ್ಟುಕೊಳ್ಳೋಣ, ನಾನು ಕಲಿಸ್ತೇನೆ ಅಂದ. ಯಾಕೆ ಅಂತ ಅವನನ್ನೇ ಕೇಳು. ಮೀನು ನಿನ್ನ ಕೈಗೆ ಬಿದ್ದದ್ದು, ನೀನೇ ತೆಗೆದುಕೊಂಡು ಹೋಗು. ಕೆಲಸ ಕಾಯಂ."

ದಂಡೆಗೆ ಬಂದವನೇ ಬಂಡೆಪ್ಪ ಮೀನನ್ನು ಅಮೀರಸಾಬನ ಮುಂದಿಟ್ಟು ಕಾಲು ಹಿಡಿದುಕೊಂಡ. "ಕಾಕಾ, ಎಲ್ಲಾ ಗೊತ್ತಿದ್ದೂ ಯಾಕ ಇಟ್ಟುಕೊಂಡ್ರಿ ನನ್ನ?"

"ಏಳೋ ಏಳು, ಮಂದಿ ನೋಡಾಕತ್ತಾರ," ಎಂದು ಅಮೀರಸಾಬ ಭುಜ ಹಿಡಿದೆತ್ತಿದ. "ಇಪ್ಪತ್ತ ವರ್ಷಾತು ನಾ ಈ ದಂಡಿಮ್ಯಾಲ ಕುಂತು. ಬಂದಾವ್ರೆಲ್ಲಾ ಇಷ್ಟ ದೊಡ್ಡ ಕೆರಿ ಐತಿ ಅಂತ ಉಗಳತಾರ, ಹೊಲಸ ಒಗೀತಾರ. ನೀ ಒಬ್ಬಾಂವ ಅರ್ಧಾ ತಂಬಿಗಿನಾಗ ಮಾರಿ ಕೈಕಾಲು ತೊಳಕೊಂಡು, ಉಳದ ಅರ್ಧಾ ಸಸಿ ಬುಡಕ್ಕ ಹಾಕಿದಿ. ಇಂಥಾ ಸಮುದ್ರದಂಥಾ ಕೆರಿ ಮುಂದ ಕುಂತು! ಇಂವ ನೀರಿನಾಗ ಬೆಳದಾಂವ ಅಲ್ಲ ಅಂತ ಆಗ ಗೊತ್ತಾತು. ಆದ್ರ ಕೆರಿ ಕಾಯಾಕ ಇಂಥಾಂವನ ಬೇಕು ಅನಸ್ತು. ಗಾಳಾ ಹಾಕೂದು ಯಾರಿಗೆ ಬೇಕಾದ್ರೂ ಕಲಸಬಹುದಪಾ. ನಾ ಏನ ದೋಣ್ಯಾಗ ಹುಟ್ಟೀನೇನು? ನಂದೂ ಬಾಗೇವಾಡಿ."

ಬಂಡೆಪ್ಪ ಅಳುತ್ತಿದ್ದ, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ಹೊಸಬನ ಮೊದಲ ದೊಡ್ಡ ಮೀನು ಕಲಿಸಿದವನಿಗೆ ಸಲ್ಲಬೇಕೆಂಬುದು ಆ ದಂಡೆಯ ದೋಣಿಯವರ ಪದ್ಧತಿ. ಅವನು ಮೀನನ್ನು ಮುದುಕನ ಕಡೆಗೆ ಸರಿಸಿದ. ಅಮೀರಸಾಬ ಚಾಕು ತೆಗೆದು ತಲೆಯನ್ನಷ್ಟೇ ಕೊಯ್ದುಕೊಂಡ.

"ನಮ್ಮ ಮನ್ಯಾಕಿ ಅಕ್ಬರಬಿಗೆ ಕಾಟ್ಲಾದ ತಲಿ ಅಂದ್ರ ಜೀವ. ಇದು ನನಗಾತು. ಉಳದದ್ದು ಹಿಟ್ಟ ನಾದಿದಾಕಿಗೆ ಒಯ್ದು ಕೊಡು. ಆಕಿನೂ ನಿನಗ ಕಲಿಸ್ಯಾಳ."

ಸೋಮವ್ವ ಒಲೆಯ ಮುಂದೆ ಕೂತಿದ್ದಳು. ಬಂಡೆಪ್ಪ ಮೀನನ್ನು ಅವಳೆದುರು ಇಳಿಸಿ, ತಾನೂ ನೆಲಕ್ಕೆ ಕುಕ್ಕರಿಸಿದ.

"ಕಾಯಂ ಆತು," ಎಂದ. ಅವಳು ಒಲೆಯ ಬೂದಿ ಕೆದಕಿದಳು. ಅವನೇ ಮುಂದುವರಿಸಿದ. "ಹ್ವಾದ ವರ್ಷ ಹದಿನೈದ ದಿನಕ್ಕ ನೀ ಬುಟ್ಟಿ ಹೊತ್ತು ನಡದಿ. ನಾ ಬಾಗಲಾಗ ನಿಂತ ನೋಡಿದೆ. ಏನೂ ಅನ್ನಲಿಲ್ಲ. ನಿನ್ನಿಂದ ಈ ಮನಿ ನಿಂತೈತಿ ಅಂತ ಆವತ್ತ ಹೇಳಬೇಕಿತ್ತು ಸೋಮೀ. ಇವತ್ತ ಹೇಳತೀನಿ."

ಸೋಮವ್ವ ಗೋಡೆ ಹಿಡಿದು ನಿಧಾನವಾಗಿ ಎದ್ದು, ಮೊಳೆಯ ಮೇಲಿನ ಸಿಂಬಿಯನ್ನು ತೆಗೆದುಕೊಂಡಳು. ಅವಳು ಅದನ್ನು ಒಮ್ಮೆ ಕೊಡವಿ, ಮೂಲೆಯಲ್ಲಿ ನೆಲಕ್ಕಿಟ್ಟಳು.

"ಆ ಕೊಡಾ ಎತ್ತಿ ಇದರ ಮ್ಯಾಲ ಇಡ್ರಿ," ಎಂದಳು. "ನಾಕ ತಿಂಗಳಾತು, ಅಲ್ಲಾಡಾಕತ್ತೈತಿ."

ಬಂಡೆಪ್ಪ ಕಲ್ಲು ಸರಿಸಿ, ತುಂಬಿದ ಕೊಡವನ್ನು ಎರಡೂ ಕೈಯಿಂದ ಎತ್ತಿ, ಹನಿಯೂ ಚೆಲ್ಲದಂತೆ ಸಿಂಬಿಯ ಮೇಲಿಟ್ಟ.

ಸೋಮವಾರ ಬಂದ ಮುಕಾದಮನ ಮನುಷ್ಯ ಹಾಗೇ ಹಿಂದಿರುಗಿದ. ಪುಷ್ಯ ಮಾಸದಲ್ಲಿ ದಿನ ತುಂಬಿ ಮಗಳು ಹುಟ್ಟಿದಳು. ಅವಳಿಗೆ ಭಾಗವ್ವ ಎಂದು ಹೆಸರಿಟ್ಟವಳು ಅಕ್ಬರಬಿ. ಎಪ್ಪತ್ನಾಲ್ಕರಲ್ಲಿ ಅಮೀರಸಾಬ ಊರಿಗೆ ಮರಳಿದ ಮೇಲೆ ಕ್ಲಬ್ಬಿನ ದೋಣಿಗಳೆಲ್ಲ ಬಂಡೆಪ್ಪನ ಸುಪರ್ದಿಗೆ ಬಂದವು. ದಂಡೆಯ ಬೇವು ಅಷ್ಟು ಹೊತ್ತಿಗೆ ನೆರಳು ಕೊಡುವಷ್ಟಾಗಿತ್ತು. ಅವನು ಮುಖ ತೊಳೆದು ಉಳಿದ ನೀರನ್ನು ಆಗಲೂ ಅದಕ್ಕೇ ಹಾಕುತ್ತಿದ್ದ. ಕೊಡದ ಕೆಳಗಿನ ಸಿಂಬಿ ಸವೆದಾಗಲೆಲ್ಲ ಸೋಮವ್ವ ಹಳೆಯ ಸೀರೆ ಸುತ್ತಿ ಹೊಸದು ಮಾಡಿದಳು. ಅದು ಮತ್ತೆ ಅವಳ ತಲೆಗೆ ಏರಲಿಲ್ಲ.